ಆಟಕ್ಕುಂಟು ಲೆಕ್ಕಕ್ಕಿಲ್ಲ

ಹೋದ ತಿಂಗಳು ಊರಿಗೆ ಹೋಗಿದ್ದೆ. ಹಳೇ ಮನೆಯ ಹೆಂಚು ಇಳಿಸಿ ರಿಪೇರಿ ಮಾಡಿಸಬೇಕಿತ್ತು, ಅಟ್ಟ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ತಳ ಒಡೆದ ಹಂಡೆ, ಕಾಲು ಮುರಿದ ತೊಟ್ಟಿಲು, ಯಾರ್ಯಾರದೋ ಮದುವೆ ಕರೆಯೋಲೆಗಳ ಕಟ್ಟು, ಮೂರು ಜನ್ಮಕ್ಕಾಗುವಷ್ಟು ಧೂಳು... ಇವೆಲ್ಲದರ ಕೆಳಗೆ ಅಜ್ಜಿಯ ಅಳಗುಳಿಮಣೆ ಸಿಕ್ಕಿತು. ಎರಡು ಸಾಲು, ಸಾಲಿಗೆ ಏಳು ಗುಳಿ, ಪುಸ್ತಕದ ಹಾಗೆ ಮಡಿಚಿಡಬಹುದಾದ ಮರದ ಮಣೆ. ಒಳಗೆ ಒಂದು ಬಟ್ಟೆ ಗಂಟಿನಲ್ಲಿ ಒಂದಷ್ಟು ಹುಣಸೆಬೀಜ, ನಾಲ್ಕು ಕವಡೆ.

ಮಗಳು ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ಅಪ್ಪಾ, ಇದು ಮೊಟ್ಟೆ ಇಡೋ ಟ್ರೇನಾ?" ಅಂದಳು :-)

ಅಳಗುಳಿಮಣೆ ಆಡಲು ಬೀಜ ಸಾಲದು. ನಮ್ಮ ಮನೆ ಲೆಕ್ಕದಲ್ಲಿ ಗುಳಿಗೆ ಐದರಂತೆ ಎಪ್ಪತ್ತು ಬೇಕು. ಸರಿ, ಕವಡೆ ನಾಲ್ಕೂ ಇದೆಯಲ್ಲ ಅಂತ ಸಂಜೆ ಜಗಲಿಯ ಮೇಲೆ ಬಳಪದಲ್ಲಿ ಮನೆ ಬರೆದು ಚೌಕಾಬಾರ ಹೇಳಿಕೊಡಲು ಕೂತೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ: ಐದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಒಳಗಿನ ನಡುಮನೆಗೂ ಅಡ್ಡಗೆರೆ ಹಾಕಿರುತ್ತೆ, ಅಲ್ಲಿ ಕೂತ ಕಾಯನ್ನು ಯಾರೂ ಮುಟ್ಟುವಂತಿಲ್ಲ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಹೊರಸುತ್ತಿನ ಹದಿನಾರು ಮನೆ ಒಂದು ದಿಕ್ಕಿಗೆ, ಒಳಸುತ್ತಿನ ಎಂಟು ಮನೆ ಅದಕ್ಕೆ ಎದುರು ದಿಕ್ಕಿಗೆ. ನಡುಮನೆ ಸೇರಿದ ಕಾಯಿ ಹಣ್ಣಾಯಿತು ಅಂತ ಲೆಕ್ಕ. ಆದರೆ ಬೇರೆಯವರ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ.

ಹತ್ತು ನಿಮಿಷ ಕೇಳಿಸಿಕೊಂಡು ಮಗಳು ತೀರ್ಪು ಕೊಟ್ಟಳು: "ಅಪ್ಪಾ, ಇದು ಲೂಡೋ ಕಾಪಿ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಕಾಪಿ ಹೊಡೆದದ್ದು ಇತ್ತ ಕಡೆಯಿಂದ ಅಲ್ಲ ಮಾರಾಯ್ತಿ, ಅತ್ತ ಕಡೆಯಿಂದ! ನಮ್ಮಲ್ಲಿ ಪಗಡೆ, ಉತ್ತರದಲ್ಲಿ ಚೌಪಡ್, ಪಚ್ಚೀಸಿ ಅನ್ನುವ ಆಟಗಳ ಹಾಸು ನೋಡಿದವರಿಗೆ ಇದು ಗೊತ್ತು. ಕೂಡು ಚಿಹ್ನೆಯ ಆಕಾರ, ನಾಲ್ಕು ತೋಳು, ತೋಳಿಗೆ ಎಂಟೆಂಟರ ಮೂರು ಸಾಲು, ಅಂದರೆ ಇಪ್ಪತ್ತನಾಲ್ಕು ಮನೆ. ದಾಳ ಹಾಕಿ ಆಡುವುದೊಂದು ಬಗೆ, ಕವಡೆ ಹಾಕಿ ಆಡುವುದೊಂದು ಬಗೆ. ಫತೇಪುರ್ ಸಿಕ್ರಿಯ ಅರಮನೆ ಅಂಗಳದಲ್ಲಿ ನೆಲದ ಕಲ್ಲಿನ ಮೇಲೇ ಇದರ ಹಾಸು ಇದೆ. ಅಕ್ಬರ್ ಅಲ್ಲಿ ಕಾಯಿಗಳ ಬದಲು ದಾಸಿಯರನ್ನೇ ನಡೆಸಿ ಆಡುತ್ತಿದ್ದ ಅಂತ ಕಥೆ ಹೇಳ್ತಾರೆ. ಅಮೆರಿಕದಲ್ಲಿ ಇದು 'ಪಾರ್ಚೀಸಿ' ಅನ್ನುವ ಹೆಸರಲ್ಲಿ 1870ರ ದಶಕದಲ್ಲೇ ಡಬ್ಬಿಯೊಳಗೆ ಕೂತು ಅಂಗಡಿಗೆ ಬಂತು. ಇಂಗ್ಲೆಂಡಿನಲ್ಲಿ 1896ರಲ್ಲಿ ಹಾಸನ್ನು ಸಣ್ಣದು ಮಾಡಿ, ಕವಡೆ ತೆಗೆದು ಆರು ಮುಖದ ದಾಳ ಇಟ್ಟು, 'ಲೂಡೋ' ಅಂತ ಪೇಟೆಂಟ್ ತೆಗೆದುಕೊಂಡರು. ನಮ್ಮ ಚೌಕಾಬಾರ ಈ ಪಗಡೆ ಬಳಗದ್ದೇ. ಹಾಸು ಬೇಡ, ಡಬ್ಬಿ ಬೇಡ, ಒಂದು ಚೂರು ಬಳಪ ಸಾಕು.

ಹಾವು ಏಣಿಯದ್ದೂ ಇದೇ ಕಥೆ. ವೈಕುಂಠ ಏಕಾದಶಿಯ ಜಾಗರಣೆಗೆ ಹಿರಿಯರು ಆಡುತ್ತಿದ್ದ ಪರಮಪದ ಸೋಪಾನದಲ್ಲಿ ಮನೆಗಳಿಗೆ ಪಾಪ ಪುಣ್ಯಗಳ ಹೆಸರಿರುತ್ತಿತ್ತು, ಕೊನೆಯ ಮನೆಯೇ ವೈಕುಂಠ. ಅದು ಇಂಗ್ಲೆಂಡಿಗೆ ಹೋಗಿ 1890ರ ದಶಕದಲ್ಲಿ ಮಕ್ಕಳ ಆಟವಾಯಿತು. ಬರಬರುತ್ತಾ ಹೆಸರುಗಳು ಹೋಗಿ ಬರೀ ನೂರರವರೆಗಿನ ಅಂಕಿಗಳು ಉಳಿದವು. ನಾವು ಅದನ್ನೇ ದಸರಾ ವಸ್ತುಪ್ರದರ್ಶನದಲ್ಲಿ ದುಡ್ಡು ಕೊಟ್ಟು ತಂದೆವು.

ಇಷ್ಟನ್ನೆಲ್ಲ ಮಗಳಿಗೆ ಹೇಳುವಾಗ ನನ್ನ ದನಿಯಲ್ಲಿ ಏನೋ ಹೆಮ್ಮೆ. "ನಮ್ಮ ಕಾಲದಲ್ಲಿ..." ಅಂತ ಶುರು ಮಾಡುವ ಎಲ್ಲ ಅಪ್ಪಂದಿರ ಹೆಮ್ಮೆ. ಆದರೆ ರಾತ್ರಿ ಆ ಮಣೆಯನ್ನು ಒರೆಸುತ್ತಾ ಕೂತಾಗ ಹೆಮ್ಮೆ ಅಷ್ಟು ಸರಾಗವಾಗಿ ನಿಲ್ಲಲಿಲ್ಲ. ಅದನ್ನೇ ಬರೆಯಬೇಕು ಅನ್ನಿಸಿತು.

ಅಜ್ಜಿ ಅಂದೆನಲ್ಲ, ಅವರು ನಿಜಕ್ಕೂ ನಮ್ಮ ಅಪ್ಪನ ಸೋದರತ್ತೆ. ಹನ್ನೊಂದಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡ ಇಲ್ಲ. ಗಂಡನ ಮನೆಗೆ ಸರಿಯಾಗಿ ಹೋಗುವ ಮೊದಲೇ ತವರಿಗೆ ವಾಪಸ್ಸು. ಆಮೇಲೆ ಅರವತ್ತು ವರ್ಷ ಅದೇ ಮನೆ, ಅದೇ ಅಡುಗೆಮನೆ, ಅದೇ ಹಿಂದಿನ ಕೋಣೆ. ಹಬ್ಬದ ದಿನ ಬೆಳಗಿನ ಜಾವ ಎದ್ದು ಒಬ್ಬಟ್ಟು ಮಾಡೋರು ಅವರೇ, ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದಾಗ ಕಾಣದ ಹಾಗೆ ಒಳಗಿರೋರೂ ಅವರೇ. ಮಕ್ಕಳಾದ ನಮಗೆ ಇದೆಲ್ಲ ವಿಚಿತ್ರ ಅನ್ನಿಸಲೇ ಇಲ್ಲ. ಅಜ್ಜಿ ಅಂದ್ರೆ ಹಾಗೇ, ಅಷ್ಟೇ.

ಆದರೆ ಬೇಸಿಗೆ ರಜದ ಮಧ್ಯಾಹ್ನ ಊಟವಾಗಿ ದೊಡ್ಡವರೆಲ್ಲ ಮಲಗಿದ ಮೇಲೆ ಜಗಲಿ ಅಜ್ಜಿಯದು. ಕಾವಿ ನೆಲದ ಮೇಲೆ ಅವರು ಬರೆದ ಮನೆಗೆ ಸ್ಕೇಲಿನ ಗೆರೆಯೂ ಸಾಟಿಯಿರಲಿಲ್ಲ. ಬಳೆಚೂರು, ಹುಣಸೆಬೀಜ, ಸಣ್ಣಕಲ್ಲು, ಕಡ್ಡಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕಾಯಿ. ನಾವು ಐದು ಜನ ಮಕ್ಕಳು, ಅಜ್ಜಿ ಒಬ್ಬರು, ಆಟಕ್ಕೆ ನಾಲ್ಕೇ ಜಾಗ. ಹಾಗಾಗಿ ಇಬ್ಬಿಬ್ಬರು ಜೊತೆ. ಎಲ್ಲರಿಗಿಂತ ಚಿಕ್ಕವನಾದ ನನ್ನ ತಮ್ಮ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಅವನಿಗೂ ಕವಡೆ ಹಾಕಲು ಕೊಡ್ತಿದ್ದೆವು, ಆದರೆ ಅವನು ಹಾಕಿದ ಗರ ಲೆಕ್ಕಕ್ಕೆ ಇಲ್ಲ. ಪಾಪ, ಅವನಿಗೆ ಅದು ಗೊತ್ತಾಗಲು ಎರಡು ರಜ ಬೇಕಾಯಿತು.

ಅಜ್ಜಿ ಆಡುವಾಗ ಅಜ್ಜಿಯಾಗಿ ಇರ್ತಿರಲಿಲ್ಲ. ಕರುಣೆ ಅನ್ನೋದೇ ಇಲ್ಲ! ನನ್ನ ಕಾಯಿ ಹಣ್ಣಾಗಲು ಒಂದೇ ಮನೆ ಇರುವಾಗ, ಬೇರೆ ಕಾಯಿ ನಡೆಸುವ ಅವಕಾಶ ಇದ್ದರೂ ಹುಡುಕಿಕೊಂಡು ಬಂದು ಕಡೀತಿದ್ದರು. ನಾನು ಅತ್ತು ಕಾಯಿಗಳನ್ನೆಲ್ಲ ಕಾಲಲ್ಲಿ ಒದ್ದು ಎದ್ದು ಹೋದದ್ದುಂಟು. ಅಜ್ಜಿ ಸಮಾಧಾನ ಮಾಡ್ತಿರಲಿಲ್ಲ. ಚೆಲ್ಲಿದ ಕಾಯಿ ಎಲ್ಲೆಲ್ಲಿ ಇತ್ತು ಅನ್ನೋದನ್ನ ನೆನಪಿಟ್ಟು ಮತ್ತೆ ಹಾಗೇ ಜೋಡಿಸಿ, "ಬಾ, ನಿನ್ನದೇ ಗರ" ಅಂತ ಕರೀತಿದ್ದರು. ಇನ್ನು ಅಳಗುಳಿಮಣೆಯಲ್ಲಂತೂ ಗುಳಿಯನ್ನು ನೋಡಿದ ಕೂಡಲೇ ಎಷ್ಟು ಬೀಜ, ಎತ್ತಿ ಹಂಚಿದರೆ ಕೊನೆ ಬೀಜ ಎಲ್ಲಿ ಬೀಳುತ್ತೆ, ಅಲ್ಲಿಂದ ಮುಂದಿನ ಸುತ್ತು ಎಲ್ಲಿಗೆ ಅನ್ನೋದೆಲ್ಲ ಅವರ ಕಣ್ಣಲ್ಲೇ ಆಗಿಬಿಡೋದು. ನಾನು ಬೆರಳು ಮಡಚಿ ಎಣಿಸೋ ಹೊತ್ತಿಗೆ ಅಜ್ಜಿ ನಗ್ತಾ ಕೂತಿರೋರು.

ದೂರದರ್ಶನದಲ್ಲಿ 1988ರಿಂದ 90ರವರೆಗೆ ಮಹಾಭಾರತ ಬಂತಲ್ಲ, ಅದರಲ್ಲಿ ದ್ಯೂತದ ಕಂತು ಬಂದ ವಾರ ಅಪ್ಪ ಕವಡೆಗಳನ್ನು ಎತ್ತಿ ಗೂಡಿನಲ್ಲಿಟ್ಟರು. ಇನ್ನು ಈ ಜೂಜು ಮನೆಯಲ್ಲಿ ಬೇಡ ಅಂತ. (ವೇದಕಾಲದ ಜೂಜಿಗೆ ಪಗಡೆಯಲ್ಲ, ತಾರೆಕಾಯಿ ಬಳಸುತ್ತಿದ್ದರು ಅಂತ ವಿದ್ವಾಂಸರು ಹೇಳ್ತಾರೆ. ಜೂಜುಕೋರನ ಗೋಳು ಋಗ್ವೇದದ ಹತ್ತನೇ ಮಂಡಲದಲ್ಲೇ ಒಂದು ಇಡೀ ಸೂಕ್ತವಾಗಿದೆ. ಇದು ನಾನು ಆಮೇಲೆ ಓದಿದ್ದು, ಅಂದು ಗೊತ್ತಿದ್ದರೆ ಅಪ್ಪನ ಹತ್ತಿರ ವಾದ ಮಾಡ್ತಿದ್ದೆನೋ ಏನೋ!) ಆಗ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ದು ಚೆನ್ನಾಗಿ ನೆನಪಿದೆ. "ಪಣಕ್ಕಿಡೋಕೆ ನನ್ನ ಹತ್ರ ಏನಿದೆಯಪ್ಪಾ? ಕೊಡು ಇತ್ಲಾಗೆ."

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕು ಕವಡೆ ವಾಪಸ್ಸು ಕೊಟ್ಟರು. ಆ ಮಾತು ನಗುವಂಥದ್ದಲ್ಲ ಅಂತ ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ತಿಳಿದದ್ದು ಎಲ್ಲಿ ಗೊತ್ತಾ? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. 1861ರಲ್ಲಿ ಕಟ್ಟಿದ ಈ ಅರಮನೆಯಲ್ಲಿ ಗೋಡೆಯ ಮೇಲೇ ಬಣ್ಣದಲ್ಲಿ ಬರೆದ ಆಟದ ಹಾಸುಗಳಿವೆ. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ಓಡಿಹೋಗಿದ್ದೆ, ದೊಡ್ಡವನಾದ ಮೇಲೆ ನಿಂತು ನೋಡಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಪ್ರಾಣ. ಅವರ ಹೆಸರಿನ 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ. ಹಳೆಯ ಆಟಗಳ ಜೊತೆ ಅವರು ತಾವೇ ಹೊಸ ಹಾಸುಗಳನ್ನು, ಎಲೆ ಆಟಗಳನ್ನು ಕಟ್ಟಿದರು. ಚದುರಂಗದ ಕುದುರೆ ಒಂದು ಮನೆಗೆ ಒಂದೇ ಸಲ ಕಾಲಿಟ್ಟು ಅರವತ್ತನಾಲ್ಕು ಮನೆಯನ್ನೂ ಸುತ್ತಬೇಕು. ಸುತ್ತಿದ ಕ್ರಮದಲ್ಲಿ ಅಂಕಿ ಬರೆದರೆ ಯಾವ ಅಡ್ಡಸಾಲು, ಯಾವ ಕಂಬಸಾಲು ಕೂಡಿದರೂ 260 ಬರಬೇಕು. ಇಂಥದ್ದನ್ನು ಕೂತು ಬಿಡಿಸಿದ ದೊರೆ ಅವರು.

ಇದನ್ನು ಕಲಾಪೋಷಣೆ ಅಂತ ಹೊಗಳುವುದು ನಮಗೆಲ್ಲ ರೂಢಿ. ಹೊಗಳಬೇಕಾದ್ದೇ. ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1799ರಲ್ಲಿ ಐದು ವರ್ಷದ ಮಗು ಪಟ್ಟಕ್ಕೆ. 1831ರಲ್ಲಿ, ನಗರದ ದಂಗೆಯ ನೆಪದಲ್ಲಿ, ಬ್ರಿಟಿಷರು ಆಡಳಿತವನ್ನೇ ಕಿತ್ತುಕೊಂಡು ಕಮಿಷನರುಗಳ ಕೈಗೆ ಕೊಟ್ಟರು. ದೊರೆಗೆ ಆಗ ಮೂವತ್ತೇಳು. 1868ರಲ್ಲಿ ತೀರಿಕೊಳ್ಳುವವರೆಗೂ ರಾಜ್ಯ ವಾಪಸ್ಸು ಕೊಡಿ ಅಂತ ಬರೆದದ್ದೇ ಬರೆದದ್ದು. ರಾಜ್ಯ ಬಂತು, ಆದರೆ 1881ರಲ್ಲಿ, ದತ್ತುಮಗ ಚಾಮರಾಜೇಂದ್ರ ಒಡೆಯರ ಕೈಗೆ. ಮೂವತ್ತೇಳು ವರ್ಷ ಅರಮನೆ ಇತ್ತು, ಸಿಂಹಾಸನ ಇತ್ತು, ದಸರೆ ಇತ್ತು, ಆಳಲು ಮಾತ್ರ ಏನೂ ಇರಲಿಲ್ಲ. ಬೇಸರ ಕಳೆಯಲೆಂದೇ ಅವರು ಆಟ ಕಟ್ಟಿದರು ಅಂದರೆ ಅತಿಯಾದೀತು, ಅವರ ಬುದ್ಧಿಗೂ ಅವಮಾನ. ಆದರೂ ಆ ಗೋಡೆಯ ಮುಂದೆ ನಿಂತಾಗ ನನಗೆ ಕೇಳಿಸಿದ್ದು ಅಜ್ಜಿಯ ಮಾತೇ. ಪಣಕ್ಕಿಡೋಕೆ ನನ್ನ ಹತ್ರ ಏನಿದೆ?

ಈ ಸಲ ಮಣೆ ಸಿಕ್ಕಿದಾಗ ಅಪ್ಪನನ್ನ ಕೇಳಿದೆ, ಇದು ಎಲ್ಲಿಂದ ಬಂತು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅಜ್ಜಿ ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು ಓದಿದ್ದರಂತೆ, ಲೆಕ್ಕದಲ್ಲಿ ಜಾಣೆ ಅಂತ ಮೇಷ್ಟ್ರು ಮನೆಗೇ ಬಂದು ಹೇಳಿದ್ದರಂತೆ. ಗಂಡ ತೀರಿಕೊಂಡು ವಾಪಸ್ಸು ಬಂದ ಮೇಲೆ ಮತ್ತೆ ಓದ್ತೀನಿ ಅಂದರಂತೆ. ಆಗ ಅವರ ಅಪ್ಪ, ಅಂದರೆ ನನ್ನ ಮುತ್ತಜ್ಜ, ಆಚಾರಿಗೆ ಹೇಳಿ ಈ ಮಣೆ ಮಾಡಿಸಿ ಕೊಟ್ಟರಂತೆ. "ಹೊತ್ತು ಹೋಗಲಿ" ಅಂತ.

ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ. ಅಜ್ಜಿ ಕೇಳಿದ ಹೊತ್ತಿಗೆ ಅದಕ್ಕೆ ಹತ್ತಿರಹತ್ತಿರ ಐವತ್ತು ವರ್ಷ. ನಮ್ಮೂರಿಂದ ಮೈಸೂರಿಗೆ ಇಪ್ಪತ್ತು ಮೈಲಿ. ಮುತ್ತಜ್ಜ ಕೆಟ್ಟವರೇನಲ್ಲ. ಮಗಳ ಮೇಲೆ ಪ್ರೀತಿ ಇಲ್ಲದಿದ್ದರೆ ಮಣೆ ಯಾಕೆ ಮಾಡಿಸ್ತಿದ್ದರು? ಅಂಚಿನಲ್ಲಿ ಬಳ್ಳಿ ಕೆತ್ತನೆ ಬೇರೆ ಇದೆ. ಪ್ರೀತಿಯಿಂದಲೇ ಕೊಟ್ಟದ್ದು. ಸ್ಲೇಟಿನ ಬದಲಿಗೆ ಕೊಟ್ಟದ್ದು. ಎರಡೂ ನಿಜ.

ಅಜ್ಜಿ ಒಬ್ಬರೇ ಇದ್ದಾಗ ಆಡುವ ಆಟ ಒಂದಿತ್ತು. ಎದುರಾಳಿ ಬೇಡ, ತಾನೇ ಹಂಚಿ ತಾನೇ ಎತ್ತುವುದು. ಅದಕ್ಕೆ 'ಸೀತೆ ಆಟ' ಅನ್ನೋರು. ಅಶೋಕವನದಲ್ಲಿ ಸೀತಮ್ಮ ಒಬ್ಬಳೇ ನೆಲದಲ್ಲಿ ಗುಳಿ ತೋಡಿಕೊಂಡು ಆಡ್ತಿದ್ದಳು ಅಂತ ಜನಪದದ ಮಾತು.

ಒಂದು ದಸರೆಗೆ ಚಿಕ್ಕಪ್ಪ ವಸ್ತುಪ್ರದರ್ಶನದಿಂದ ಲೂಡೋ ತಂದರು. ಒಂದು ಕಡೆ ಲೂಡೋ, ಇನ್ನೊಂದು ಕಡೆ ಹಾವು ಏಣಿ. ಕೆಂಪು, ಹಸಿರು, ಹಳದಿ, ನೀಲಿ, ಎಂಥಾ ಹೊಳಪು! ಮಧ್ಯಾಹ್ನ ಅಜ್ಜಿ ಕವಡೆ ಹಿಡಿದು ಬಂದರೆ ನಾವು ಲೂಡೋ ಮುಂದೆ. "ನಂಗೂ ಒಂದು ಬಣ್ಣ ಕೊಡ್ರೋ" ಅಂದರು. "ಇದು ನಾಲ್ಕೇ ಜನದ್ದು ಅಜ್ಜೀ" ಅಂದದ್ದು ನಾನೇ. ಚೌಕಾಬಾರವೂ ನಾಲ್ಕೇ ಜನದ್ದು, ಅದಕ್ಕೆ ಜೊತೆ ಮಾಡಿಕೊಳ್ಳುತ್ತಿರಲಿಲ್ಲವೇ? ಹಾಗಂತ ಅಂದು ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ನಿಂತು ನೋಡಿ ಒಳಗೆ ಹೋದರು. ಆಮೇಲೆ ಹಿಂದಿನ ಕೋಣೆಯಿಂದ ಮರದ ಮೇಲೆ ಬೀಜ ಬೀಳುವ ಟಕ್ ಟಕ್ ಸದ್ದು ಕೇಳ್ತಿತ್ತು. ಆ ರಜವೆಲ್ಲ ಕೇಳಿತು.

ಈಗ ಆ ಮಣೆ ಬೆಂಗಳೂರಿಗೆ ಬಂದಿದೆ. ಶೋಕೇಸಿನಲ್ಲಿ ಇಡೋಣ, ಆಂಟಿಕ್ ಥರ ಚೆನ್ನಾಗಿರುತ್ತೆ ಅಂದಳು ನನ್ನ ಹೆಂಡತಿ. ನನಗೆ ಯಾಕೋ ಮನಸ್ಸಾಗಲಿಲ್ಲ. 'ನಮ್ಮ ಹಿರಿಯರ ಆಟ, ಎಷ್ಟು ಚಂದ ಇತ್ತು ಆ ಕಾಲ' ಅಂತ ಬಂದವರಿಗೆಲ್ಲ ಹೇಳಿಕೊಂಡು ಓಡಾಡುವುದು ನನ್ನಿಂದಾಗದು. ಹಾಗಂತ ಆ ಮಧ್ಯಾಹ್ನಗಳು ಸುಳ್ಳೂ ಅಲ್ಲ. ನನ್ನ ಬಾಲ್ಯದಲ್ಲಿ ಅಷ್ಟು ಖುಷಿಯ ಹೊತ್ತು ಬೇರೆ ಇಲ್ಲ, ಕಾಯಿ ಕಡಿಯುವಾಗ ಅಜ್ಜಿಯ ಮುಖದಲ್ಲಿ ಕಾಣುತ್ತಿದ್ದ ಖುಷಿಯೂ ಸುಳ್ಳಲ್ಲ.

ಹುಣಸೆಬೀಜ ತೊಳೆದು ಒಣಗಿಸಿ ಎಪ್ಪತ್ತು ಮಾಡಿದ್ದೇವೆ. ಊಟದ ಟೇಬಲ್ಲಿನ ಮೇಲೆ ದಿನಾ ಒಂದಾಟ ಆಗ್ತಿದೆ. ಮಗಳು ಈಗಾಗಲೇ ಬೆರಳು ಮಡಚದೆ ಎಣಿಸ್ತಾಳೆ, ನಿನ್ನೆ ನನ್ನನ್ನು ಸೋಲಿಸಿದಳು. ಅವಳಿಗೆ ಅಜ್ಜಿಯ ಕಥೆ ಪೂರ್ತಿ ಹೇಳಿಲ್ಲ. ಹೇಳಬೇಕು, ಲೆಕ್ಕದ ಪರೀಕ್ಷೆ ಮುಗಿಯಲಿ.

ಅಂದ ಹಾಗೆ, ಸೀತೆ ಆಟದ ಕ್ರಮ ನನಗೆ ಪೂರ್ತಿ ನೆನಪಿಲ್ಲ, ಯಾವತ್ತೂ ಅಜ್ಜಿಯ ಪಕ್ಕ ಕೂತು ಅದನ್ನ ನೋಡಲಿಲ್ಲವಲ್ಲ. ನಿಮ್ಮ ಮನೆಗಳಲ್ಲಿ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಕೇಳಿ ಬರೆಯಿರಿ. ನಿಮ್ಮೂರ ಕಡೆ ಚೌಕಾಬಾರಕ್ಕೆ ಏನಂತಾರೆ ಅನ್ನೋದನ್ನೂ ತಿಳಿಸಿ.