ಬಸಿಲಿಕ: ಅರಸನಿಲ್ಲದ ಅರಮನೆ

ಎರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಕನ್ನಡ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾರ್ಕಳಕ್ಕೆ ಹೋಗಿದ್ದೆ. ಬೆಳಿಗ್ಗೆ ಗೊಮ್ಮಟನನ್ನೂ ಅವನಿಗೆದುರಾಗಿ ನಿಂತ ಚತುರ್ಮುಖ ಬಸದಿಯನ್ನೂ ನೋಡಿದೆವು. ಮಧ್ಯಾಹ್ನ ಅತ್ತೂರಿನ ಸಂತ ಲಾರೆನ್ಸರ ದೇವಾಲಯ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಅದಕ್ಕೆ ಬಸಿಲಿಕ ಎಂಬ ಪದವಿಯನ್ನು ದಯಪಾಲಿಸಿದ್ದಾರೆ. ಅಲ್ಲಿನ ಫಲಕವನ್ನೋದಿದ ಹುಡುಗಿಯೊಬ್ಬಳು, “ಸಾರ್, ಬೆಳಿಗ್ಗೆ ನೋಡಿದ್ದು ಬಸದಿ, ಇದು ಬಸಿಲಿಕ. ಎರಡಕ್ಕೂ ಮೂಲ ಒಂದೇ ಏನು?” ಎಂದು ಕೇಳಿದಳು.

ಅರ್ಧ ಪ್ರಶ್ನೆಗೆ ಉತ್ತರ ನನ್ನ ಕಸಬಿಗೆ ಸೇರಿದ್ದು. ಸಂಸ್ಕೃತದ ‘ವಸತಿ’ ಕನ್ನಡದಲ್ಲಿ ‘ಬಸದಿ’ಯಾಯಿತು, ವಕಾರ ಬಕಾರವಾಗಿ, ತಕಾರ ದಕಾರವಾಗಿ ತದ್ಭವವಾದ ಮಾತು. ಬಸಿಲಿಕಕ್ಕೂ ಅದಕ್ಕೂ ಇರುವುದು ಕಿವಿಯ ನಂಟು ಮಾತ್ರ. ಉಳಿದರ್ಧಕ್ಕೆ, “ಊರಿಗೆ ಹೋಗಿ ಹೇಳುತ್ತೇನಮ್ಮ” ಎಂದು ಜಾರಿಕೊಂಡೆ. ಊರಿಗೆ ಬಂದು ಪುಸ್ತಕಗಳನ್ನು ತಿರುವಿಹಾಕಿದಾಗ ಕಂಡ ಕಥೆ ನಾನೆಣಿಸಿದ್ದಕ್ಕಿಂತ ಸ್ವಾರಸ್ಯವಾಗಿತ್ತು.

ಗ್ರೀಕರ ಮಾತಿನಲ್ಲಿ ‘ಬಸಿಲಿಯಸ್’ ಎಂದರೆ ಅರಸ. ಅರಸನಿಗೆ ಸಂಬಂಧಪಟ್ಟದ್ದೆಲ್ಲ ‘ಬಸಿಲಿಕ’. ಆದರೆ ಅಥೆನ್ಸ್ ನಗರದಲ್ಲಿ ಅರಸೊತ್ತಿಗೆ ಬಹು ಹಿಂದೆಯೇ ಅಳಿದಿತ್ತು. ದೇವತಾಕಾರ್ಯಗಳನ್ನು ನೋಡಿಕೊಳ್ಳುವ, ಒಂದು ವರ್ಷದ ಮಟ್ಟಿಗಿನ ಅಧಿಕಾರಿಯೊಬ್ಬನಿಗೆ ಮಾತ್ರ ‘ಅರಸ’ನೆಂಬ ಹಳೆಯ ಬಿರುದು ಉಳಿದಿತ್ತು. ಸಂತೆಯ ಬಯಲಿನಂಚಿನಲ್ಲಿ ಅವನು ಕೂರುತ್ತಿದ್ದ ಕಂಬಸಾಲಿನ ಚಾವಡಿಗೆ ‘ಅರಸನ ಚಾವಡಿ’ ಎಂದು ಹೆಸರು. ಕ್ರಿ. ಪೂ. 399ರಲ್ಲಿ ದೈವದ್ರೋಹದ ಆರೋಪ ಹೊತ್ತ ಸಾಕ್ರಟೀಸನು ಮೊದಲು ಹೋಗಿ ನಿಂತದ್ದು ಇದರ ಮುಂದೆಯೇ. ರೋಮಿನ ಬಸಿಲಿಕಕ್ಕೆ ಹೆಸರು ಈ ಚಾವಡಿಯಿಂದಲೇ ಬಂದಿತೆಂದು ಕೆಲವು ವಿದ್ವಾಂಸರೆಂದರೆ, ಗ್ರೀಕ್ ದೊರೆಗಳ ಓಲಗಸಾಲೆಗಳಿಂದ ಬಂದಿತೆಂದು ಮತ್ತೆ ಕೆಲವರು ಹೇಳುತ್ತಾರೆ.

ರೋಮಿಗೆ ಬಂದದ್ದೇ ವಿಚಿತ್ರ. ಅರಸರನ್ನು ಓಡಿಸಿದೆವೆಂಬುದೇ ರೋಮನರ ಹೆಮ್ಮೆ. ಅವರ ಭಾಷೆಯಲ್ಲಿ ಅರಸನೆಂಬ ‘ರೆಕ್ಸ್’ ಶಬ್ದ ಬೈಗುಳಕ್ಕೆ ಸಮಾನ. ಅಂಥ ಊರಿನಲ್ಲಿ ಕ್ರಿ. ಪೂ. 184ರಲ್ಲಿ ಕೇಟೋ ಎಂಬ ಅಧಿಕಾರಿ ಎರಡು ಮನೆಗಳನ್ನೂ ನಾಲ್ಕು ಅಂಗಡಿಗಳನ್ನೂ ಸರ್ಕಾರಕ್ಕೆ ಕೊಂಡು, ಆ ಜಾಗದಲ್ಲಿ ದೊಡ್ಡದೊಂದು ಚಾವಣಿಯ ಸಭಾಂಗಣವನ್ನು ಕಟ್ಟಿಸಿ ‘ಪೋರ್ಸಿಯ ಬಸಿಲಿಕ’ ಎಂದು ತನ್ನ ಮನೆತನದ ಹೆಸರಿಟ್ಟನು. ಕೇಟೋ ಯಾರು? ಗ್ರೀಕರ ನಡೆನುಡಿಯೆಂದರೆ ಮೂಗು ಮುರಿಯುತ್ತಿದ್ದ ಕಟ್ಟಾ ಸಂಪ್ರದಾಯಸ್ಥ. ಗ್ರೀಕ್ ಮಾತು, ಅದರಲ್ಲೂ ಅರಸನ ಹೆಸರು! ಅದು ಯಾರಿಗೂ ಚುಚ್ಚಿದಂತೆ ಕಾಣುವುದಿಲ್ಲ. ಪರಭಾಷೆಯ ಮಾತಾದ್ದರಿಂದ ಒಳಗಿದ್ದ ಅರಸ ಅವರಿಗೆ ಕೇಳಿಸಲೇ ಇಲ್ಲವೆಂದು ನನ್ನ ಊಹೆ.

ಈ ಬಸಿಲಿಕದಲ್ಲಿ ದೇವರಿಲ್ಲ, ಪೂಜೆಯಿಲ್ಲ. ಮಳೆಯಲ್ಲಿ, ಚಳಿಯಲ್ಲಿ ವ್ಯಾಪಾರಿಗಳು ನಿಂತು ವ್ಯವಹಾರ ಮಾತನಾಡುವ ಜಾಗ; ನ್ಯಾಯಾಧೀಶರು ಕೂತು ವ್ಯಾಜ್ಯ ಕೇಳುವ ಜಾಗ. ಪೋರ್ಸಿಯ ಬಸಿಲಿಕದಲ್ಲಿ ಟ್ರಿಬ್ಯೂನರೆಂಬ ಜನಪ್ರತಿನಿಧಿಗಳು ಕೂರುತ್ತಿದ್ದರು. ಒಂದು ಕಂಬ ತಮ್ಮ ಆಸನಗಳಿಗೆ ಅಡ್ಡವಾಗಿದೆಯೆಂದು ಅವರು ಅದನ್ನು ಕೀಳಿಸಲು ಹೊರಟಾಗ ಕೇಟೋನ ಮರಿಮಗನು ಬಂದು ವಾದಿಸಿ ತಡೆದನಂತೆ. ಮುಂದೆ ಸೀಸರನನ್ನು ಎದುರು ಹಾಕಿಕೊಂಡ ಆ ಕಿರಿಯ ಕೇಟೋನ ಮೊದಲ ಸಾರ್ವಜನಿಕ ಭಾಷಣ ಒಂದು ಕಂಬಕ್ಕಾಗಿ! ಕ್ರಿ. ಪೂ. 52ರಲ್ಲಿ ಕ್ಲೋಡಿಯಸನ ಹೆಣವನ್ನು ಅವನ ಕಡೆಯವರು ಸೆನೆಟ್ ಭವನದಲ್ಲೇ ಸುಟ್ಟಾಗ ಆ ಬೆಂಕಿ ಈ ಕಟ್ಟಡಕ್ಕೂ ತಗುಲಿತು. ಅಷ್ಟರಲ್ಲಿ ರೋಮಿನಲ್ಲಿ ಬೇರೆ ಬಸಿಲಿಕಗಳೆದ್ದಿದ್ದವು. ಜೂಲಿಯ ಬಸಿಲಿಕದಲ್ಲಿ ಒಂದು ಆಸ್ತಿಯ ವ್ಯಾಜ್ಯಕ್ಕೆ 180 ಮಂದಿ ನ್ಯಾಯದರ್ಶಿಗಳು ಕೂತಿದ್ದರೆಂದು, ಮೇಲುಪ್ಪರಿಗೆಯಿಂದ ಗಂಡಸರೂ ಹೆಂಗಸರೂ ಬಗ್ಗಿ ಕೇಳುತ್ತಿದ್ದರೆಂದು ವಕೀಲ ಪ್ಲಿನಿ ಬರೆದಿದ್ದಾನೆ. ಅದರ ಮೆಟ್ಟಿಲುಗಳ ಮೇಲೆ ಸೋಮಾರಿಗಳು ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ನಮ್ಮ ಗುಡಿಗಳ ಜಗಲಿಯ ಮೇಲಿನ ಚೌಕಾಬಾರದ ಗೆರೆಗಳು ನೆನಪಾಗುತ್ತವೆ.

ಕ್ರಿ. ಶ. 313ರಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಅವಕಾಶ ದೊರೆತ ಮೇಲೆ ಚಕ್ರವರ್ತಿ ಕಾನ್‌ಸ್ಟಂಟೈನನು ಅವರಿಗೆ ಮಂದಿರಗಳನ್ನು ಕಟ್ಟಿಸತೊಡಗಿದನು. ರೋಮನರ ಗುಡಿಯ ಮಾದರಿ ಅವರಿಗೊಗ್ಗದು. ಗುಡಿ ದೇವರ ವಿಗ್ರಹದ ಮನೆ. ಬಲಿಪೀಠ ಹೊರಗೆ, ಜನವೂ ಹೊರಗೆ. ಕ್ರೈಸ್ತರಿಗೆ ಬೇಕಾದದ್ದು ಎಲ್ಲರೂ ಒಳಗೇ ಕೂಡುವ ಸಭಾಂಗಣ. ಆದುದರಿಂದ ನ್ಯಾಯಸ್ಥಾನದ ಕಟ್ಟಡವೇ ಮಾದರಿಯಾಯಿತು. ನ್ಯಾಯಾಧೀಶನ ಪೀಠವಿರುತ್ತಿದ್ದ ಅರೆವೃತ್ತದ ಕೊನೆಗೆ ಬಿಷಪ್ಪನ ಪೀಠ ಬಂದಿತು. 333ರಲ್ಲಿ ಬೋರ್ಡೋ ಊರಿನಿಂದ ಜೆರೂಸಲೇಮಿಗೆ ಹೋದ ಯಾತ್ರಿಕನೊಬ್ಬ ಅಲ್ಲಿ ಕಂಡ ಬಸಿಲಿಕವನ್ನು ಹೆಸರಿಸಿ, ಹಾಗೆಂದರೆ ಪ್ರಭುವಿನ ಮನೆ ಎಂದು ಅರ್ಥವನ್ನೂ ಬರೆದಿಟ್ಟಿದ್ದಾನೆ. ಬರಿಯ ಬಸಿಲಿಕವೆಂದರೆ ಓದುವವರು ಕೋರ್ಟು ಕಚೇರಿ ಎಂದುಕೊಂಡಾರೆಂಬ ಭಯವಿದ್ದಿರಬೇಕು.

ಈ ಶಬ್ದದ ನಿಜವಾದ ಪರೀಕ್ಷೆ ನಡೆದದ್ದು 386ರಲ್ಲಿ, ಮಿಲಾನ್ ನಗರದಲ್ಲಿ. ಆಗ ಚಕ್ರವರ್ತಿ ಬಾಲಕ ವ್ಯಾಲೆಂಟಿನಿಯನ್. ಅಧಿಕಾರವೆಲ್ಲ ತಾಯಿ ಜಸ್ಟೀನಳದು. ತಮ್ಮ ಪಂಥದವರ ಆರಾಧನೆಗೆ ಒಂದು ಬಸಿಲಿಕವನ್ನು ಬಿಟ್ಟುಕೊಡಬೇಕೆಂದು ಅರಮನೆಯಿಂದ ಅಪ್ಪಣೆಯಾಯಿತು. ಬಿಷಪ್ ಆಂಬ್ರೋಸ್ ಒಪ್ಪಲಿಲ್ಲ. ಅರಮನೆಗಳು ಚಕ್ರವರ್ತಿಗೆ ಸೇರಿದವು, ಆರಾಧನೆಯ ಮಂದಿರಗಳಲ್ಲ ಎಂಬುದು ಅವರ ಉತ್ತರ. ಸೈನಿಕರು ಸುತ್ತುವರಿದರು. ಜನ ಒಳಗೇ ಕೂತು ಹಾಡುತ್ತ ಹಗಲಿರುಳು ಕಾವಲಿದ್ದರು. ಸಂತ ಆಗಸ್ಟೀನರ ತಾಯಿ ಮೋನಿಕ ಕೂಡ ಅವರಲ್ಲಿದ್ದಳು. ಕೊನೆಗೆ ಹಿಂದೆಗೆದದ್ದು ಅರಮನೆಯೇ. ‘ಅರಸನದು’ ಎಂದೇ ಅರ್ಥವಿರುವ ಕಟ್ಟಡ ಅರಸನಿಗೇ ಸಿಕ್ಕಲಿಲ್ಲ! ಏಳನೆಯ ಶತಮಾನದ ಹೊತ್ತಿಗೆ ಸೆವಿಲ್ ನಗರದ ಇಸಿಡೋರರು ಗಂಟನ್ನು ಬಿಡಿಸಿಬಿಟ್ಟರು: ಹಿಂದೆ ಅದು ಅರಸರ ನಿವಾಸ, ಈಗ ಎಲ್ಲರ ಅರಸನಾದ ದೇವರ ನಿವಾಸ. ತಮಿಳಿನ ‘ಕೋಯಿಲ್’ ಎಂಬುದೂ ಇದೇ ದಾರಿ ನಡೆದ ಮಾತು. ಮೊದಲು ಅರಸನ ಮನೆ, ಆಮೇಲೆ ದೇವರ ಮನೆ.

ಈಗಿನ ಬಸಿಲಿಕ ಬಹುಮಟ್ಟಿಗೆ ಪೋಪರು ಕೊಡುವ ಬಿರುದು. ಕಟ್ಟಡದ ಆಕಾರಕ್ಕೆ ಸಂಬಂಧವಿಲ್ಲ. ಬಿರುದಿನ ಲಾಂಛನಗಳಲ್ಲಿ ಒಂದು, ಅರ್ಧ ಬಿಚ್ಚಿದ ರೇಷ್ಮೆಯ ಛತ್ರಿ. ಅರಸನ ಗುರುತು ಅಲ್ಲಿ ಮತ್ತೆ ತಲೆಯೆತ್ತಿದೆ.

ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ಆ ಹುಡುಗಿ ಸುಮ್ಮನಾಗಲಿಲ್ಲ. “ನಮ್ಮ ಮನೆಯಲ್ಲಿ ಕೊಂಕಣಿ, ಸಾರ್. ಅಜ್ಜಿ ಅತ್ತೂರಿನದನ್ನು ಇಗರ್ಜಿ ಎಂದೇ ಹೇಳುವುದು. ಅದೂ ಅರಸನದೇ ಏನು?”

ಅಲ್ಲ. ಅದು ಪೋರ್ಚುಗೀಸರ ‘ಇಗ್ರೇಜ’. ಗ್ರೀಕಿನ ‘ಎಕ್ಲೇಸಿಯ’ದಿಂದ ಇಳಿದು ಬಂದದ್ದು. ಅಥೆನ್ಸಿನಲ್ಲಿ ಎಕ್ಲೇಸಿಯವೆಂದರೆ ಪ್ರಜೆಗಳ ಸಭೆ.