ಕಲ್ಲಿನ ಶಾಸನದಿಂದ ಗಣಕದ ಪಹಣಿಯವರೆಗೆ

ಕನ್ನಡನಾಡಿನ ಅರಸರೂ ಶ್ರಾವಕರೂ ಬಸದಿಗೆ ಭೂಮಿಯನ್ನು ಬಿಟ್ಟಾಗ ಅದರ ವಿವರವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುತ್ತಿದ್ದರು. ದಾನಿಯ ಹೆಸರು, ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ದಾನವನ್ನು ಅಳಿಸಿದವನಿಗೆ ತಟ್ಟುವ ಪಾಪ, ಎಲ್ಲವೂ ಅದರಲ್ಲಿರುತ್ತಿದ್ದವು. ತಾಮ್ರಶಾಸನವು ದಾನ ಪಡೆದವರ ಪೆಟ್ಟಿಗೆಯಲ್ಲಿರುತ್ತಿತ್ತು. ಶಿಲಾಶಾಸನವು ಊರಿನ ಬಯಲಿನಲ್ಲಿ ನಿಲ್ಲುತ್ತಿತ್ತು. ಓದಬಲ್ಲವರು ಕೆಲವರೇ ಆದರೂ, ಅದನ್ನು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಮೋಘವರ್ಷನ ಮಾನ್ಯಖೇಟವಿದ್ದ ಕಲಬುರಗಿ ಸೀಮೆಗೆ ಈ ಪದ್ಧತಿಯು ಹೊಸತೇನಲ್ಲ.

ನಿಜಾಮರ ಆಳ್ವಿಕೆಯಲ್ಲಿ ಇದೇ ಸೀಮೆಯ ಕಂದಾಯದ ಕಾಗದಗಳು ಪಟವಾರಿಯ ದಫ್ತರದೊಳಗೆ ಸೇರಿದವು. ಆಡಳಿತದ ಭಾಷೆ ಮೊದಲು ಫಾರಸಿ, ಅನಂತರ ಉರ್ದು. ಕನ್ನಡವನ್ನಾಡುವ ಒಕ್ಕಲಿಗನಿಗೆ ತನ್ನ ಹೊಲದ ಲೆಕ್ಕವೇ ಪರರ ನುಡಿಯಾಯಿತು. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಕಲಬುರಗಿಯು ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆ ಬದಲಾಯಿತು. ಪಹಣಿ ಮಾತ್ರ ಗ್ರಾಮಲೆಕ್ಕಿಗನ ಕೈಬರಹದಲ್ಲಿಯೇ ಉಳಿಯಿತು. ಅದನ್ನು ಪಡೆಯಲು ಅವನ ಮರ್ಜಿಯನ್ನು ಕಾಯಬೇಕಿತ್ತು.

ಈ ಕಟ್ಟನ್ನು ಬಿಚ್ಚಿದ್ದು ‘ಭೂಮಿ’ ಯೋಜನೆ. 1991ರಲ್ಲಿ ಕೇಂದ್ರದ ನೆರವಿನಿಂದ ನಡೆದ ಮೊದಲ ಯತ್ನದಲ್ಲಿ ತಾಲ್ಲೂಕು ಕಚೇರಿಗೆ ಗಣಕಯಂತ್ರವೇ ಬರಲಿಲ್ಲ. ದಾಖಲೆ ತಿದ್ದುವ ಸ್ಥಳವೊಂದು, ಯಂತ್ರವಿರುವ ಸ್ಥಳವಿನ್ನೊಂದು. ಈ ದೋಷ ನೀಗಿದ ಮೇಲೆ, 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 15 ರೂಪಾಯಿ ಕೊಟ್ಟವನಿಗೆ ಪ್ರತಿ ಸಿಕ್ಕಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕಾಯಿತು. ಅಧಿಕಾರಿಯು ಬೆರಳಚ್ಚು ನೀಡಿಯೇ ದಾಖಲೆಯನ್ನು ಮುಟ್ಟಬೇಕಾಯಿತು.

ಆದರೆ ಕಾಗದದಲ್ಲಿದ್ದ ತಪ್ಪು ಯಂತ್ರಕ್ಕೂ ಇಳಿಯಿತು. ಅಚ್ಚಾದ ತಪ್ಪಿಗೆ ಕೈಬರಹದ ತಪ್ಪಿಗಿಂತ ಗೌರವ ಹೆಚ್ಚು. ಇನ್ನೊಂದು ಆಕ್ಷೇಪವೂ ಇದೆ. ಊರಿನಲ್ಲಿದ್ದ ಮಾಹಿತಿ ತಾಲ್ಲೂಕಿನಲ್ಲಿ ಒಟ್ಟಾದುದರಿಂದ ದೊಡ್ಡ ಬಂಡವಾಳದವರಿಗೆ ಭೂಮಿ ಹುಡುಕುವುದು ಸುಲಭವಾಯಿತೆಂದು 2007ರಲ್ಲಿ ಸಂಶೋಧಕರು ಬರೆದರು. ಕೆಂಬಾಳೆಗೆ ಹೆಸರಾದ ಕಮಲಾಪುರವು ಕಲಬುರಗಿಯಿಂದ ಹುಮನಾಬಾದ್ ಮಾರ್ಗದಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿದೆ. ಅದು ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚಿನ ವರ್ಷಗಳಲ್ಲಿ. ಅಲ್ಲಿಯವರೆಗೆ ತಾಲ್ಲೂಕು ಕಚೇರಿಯ ಕೆಲಸವೆಂದರೆ ನಗರದ ಬಸ್ಸನ್ನೇ ಹತ್ತಬೇಕಿತ್ತು. ಯಂತ್ರದ ವೇಗವನ್ನು ಹೊಗಳುವವರು ಈ ದಾರಿಯನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ.

ಯಂತ್ರಕ್ಕಿಂತ ಹಳೆಯದು ತೆರೆದಿಡುವ ಕಾನೂನು. ಸ್ವೀಡನ್ ದೇಶವು 1766ರಲ್ಲಿಯೇ ಸರ್ಕಾರಿ ಕಾಗದಗಳನ್ನು ಪ್ರಜೆಗಳಿಗೆ ತೆರೆಯಿತು. ಅದಕ್ಕಾಗಿ ದುಡಿದ ಆಂಡರ್ಸ್ ಕಿಡೇನಿಯಸ್ ಒಬ್ಬ ಪಾದ್ರಿ. ಕರ್ನಾಟಕವು 2000ದಲ್ಲಿ, ಕೇಂದ್ರವು 2005ರಲ್ಲಿ ಮಾಹಿತಿ ಹಕ್ಕಿನ ಶಾಸನವನ್ನು ಮಾಡಿದವು. 2012ರಿಂದ ‘ಸಕಾಲ’ದಡಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಗೊತ್ತಾಯಿತು. ಎಸ್ಟೋನಿಯಾ ದೇಶವು 2001ರಿಂದ ಕಚೇರಿಗಳನ್ನು ಗಣಕಜಾಲದಿಂದ ಬೆಸೆದಿದೆ. ತನ್ನ ವಿವರವನ್ನು ಯಾವ ಕಚೇರಿಯವರು ನೋಡಿದರೆಂಬುದನ್ನು ಅಲ್ಲಿಯ ಪ್ರಜೆ ತಾನೇ ಪರಿಶೀಲಿಸಬಲ್ಲ.

ಇಲ್ಲಿ ತತ್ತ್ವಾರ್ಥಸೂತ್ರವನ್ನು ನೆನೆಯುವುದು ಅಪ್ರಸ್ತುತವಲ್ಲ. ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ದಾಖಲೆಯ ಸೃಷ್ಟಿಯನ್ನು, ಸೇರಿಸಿದ್ದಾರೆ. ಪರರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನವೂ ಅದೇ ಪಟ್ಟಿಯಲ್ಲಿದೆ. ಕಚೇರಿಯ ಕಾರ್ಯ ತೆರೆದಿರಬೇಕು, ಮನೆಯ ಗುಟ್ಟು ಮುಚ್ಚಿರಬೇಕು ಎಂಬ ಇಂದಿನ ವಿವಾದದ ಎರಡು ತುದಿಗಳೂ ಅಲ್ಲಿವೆ. ನಂಬಿ ಇಟ್ಟದ್ದನ್ನು ಅಪಹರಿಸುವ ನ್ಯಾಸಾಪಹಾರವು ಮತ್ತೊಂದು.

ಬಸದಿಯ ಭೂಮಿಯೂ ಇಟ್ಟುಹೋದ ನ್ಯಾಸವೇ. ಪಹಣಿಯ 9ನೆಯ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರರ ವಿವರ ಇರುತ್ತವೆ. ದೇವರ ಹೆಸರಿದ್ದ ಜಾಗದಲ್ಲಿ ಹಿಂದಿನ ಧರ್ಮದರ್ಶಿಯ ಹೆಸರು, ಬಳಿಕ ಆತನ ಮಕ್ಕಳ ಹೆಸರು ಬಂದರೆ, ಎರಡು ತಲೆಮಾರಿನಲ್ಲಿ ದಾನವು ಪಿತ್ರಾರ್ಜಿತವಾಗುತ್ತದೆ. ಸರ್ವೆ ನಂಬರ್ ತಿಳಿದ ಯಾವ ಶ್ರಾವಕನೂ ಈಗ ಆ ಪಹಣಿಯನ್ನು ತೆಗೆಸಿ, ಊರಿನಲ್ಲಿ ಕಲ್ಲು ಉಳಿದಿದ್ದರೆ, ಎರಡನ್ನೂ ಎದುರೆದುರು ಇಟ್ಟು ಓದಬಹುದಾಗಿದೆ.