ಸ್ಯಾಕ್ಸೋಫೋನು ನಮ್ಮೂರ ವಾಲಗವಾದ ಕತೆ

ಉಡುಪಿ ಕಡೆಯ ಮದುವೆ ಉಂಡವರಿಗೆ ಇದು ಗೊತ್ತಿರುತ್ತೆ. ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದ್ದೇ ತಡ, ಗಟ್ಟಿಮೇಳ ಶುರು. ಆಗ ಡೋಲಿನ ಜೊತೆ ಮೊಳಗೋದು ಎಷ್ಟೋ ಕಡೆ ನಾಗಸ್ವರ ಅಲ್ಲ, ಸ್ಯಾಕ್ಸೋಫೋನು. ಕಾಪು, ಕಾರ್ಕಳ ಕಡೆಯ ಉತ್ಸವಗಳಲ್ಲೂ ದೇವರ ಬಲಿ ಹೊರಟಾಗ ಈ ಬಾಗಿದ ಹಿತ್ತಾಳೆ ವಾದ್ಯ ಕಾಣಿಸುತ್ತೆ. ರಾತ್ರಿಯಿಡೀ ನಡೆಯೋ ನೇಮದಲ್ಲಿ ಗಗ್ಗರದ ಸದ್ದಿನ ಜೊತೆಗೂ ಅದು ಕೇಳುತ್ತೆ. ಘಟ್ಟದ ಮೇಲಿನ ಗೆಳೆಯರು ಮೊದಲ ಸಲ ಬಂದಾಗ "ಇದೇನ್ರೀ, ದೇವರ ಮುಂದೆ ಇಂಗ್ಲಿಷ್ ವಾದ್ಯ?" ಅಂತ ಹುಬ್ಬೇರಿಸ್ತಾರೆ. ನಮಗೋ, ಆ ಪ್ರಶ್ನೆಯೇ ವಿಚಿತ್ರ!

ಈ ಪ್ರಶ್ನೆ ನಮಗೆ ವಿಚಿತ್ರ ಅನ್ನಿಸುವ ಹಾಗೆ ಮಾಡಿದ್ದು ಬಹುಮಟ್ಟಿಗೆ ಒಬ್ಬ ಮನುಷ್ಯ. ಕದ್ರಿ ಗೋಪಾಲನಾಥ್. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಪದ್ಮಶ್ರೀ, ಲಂಡನ್ನಿನ ಕಛೇರಿ, ರೆಹಮಾನ್ ಸಿನಿಮಾ ಅಂತ ಬರೆದವು. ಎಲ್ಲ ನಿಜವೇ. ಆದರೆ ಅವರು ಬಿಟ್ಟುಹೋದ ದೊಡ್ಡ ಆಸ್ತಿ ಇರೋದು ಲಂಡನ್ನಿನಲ್ಲಲ್ಲ, ನಮ್ಮ ಮದುವೆ ಚಪ್ಪರದ ಮೂಲೆಯಲ್ಲಿ ಅಂತ ನನಗನ್ನಿಸುತ್ತೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಬೆಲ್ಜಿಯಂನಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಅನ್ನೋ ವಾದ್ಯ ತಯಾರಕ 1846ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ತಗೊಂಡ. ಆತನ ಕಣ್ಣಿದ್ದದ್ದು ಮಿಲಿಟರಿ ಬ್ಯಾಂಡುಗಳ ಮೇಲೆ. ಬಯಲಲ್ಲಿ ನಡೆಯುತ್ತಾ ನುಡಿಸಿದರೂ ದೂರಕ್ಕೆ ಕೇಳಬೇಕು, ಕ್ಲಾರಿನೆಟ್ಟಿನ ಹಾಗೆ ನುಣುಪಾಗಿಯೂ ಇರಬೇಕು. ಅದಕ್ಕೇ ಮೈ ಹಿತ್ತಾಳೆಯದ್ದು, ಬಾಯಲ್ಲಿ ಬಿದಿರಿನಂಥ ಜೊಂಡಿನ ರೀಡು. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಾಗಸ್ವರ. ಅದೂ ಬಯಲಿನ ವಾದ್ಯ. ರಥದ ಮುಂದೆ ನಡೆಯುತ್ತಾ ನುಡಿಸುವಂಥದ್ದು. ಅದರ ಕೊಳವೆಯೂ ಬಾಯಿಂದ ಬುಡದವರೆಗೆ ಅಗಲವಾಗುತ್ತಾ ಹೋಗುತ್ತೆ, ಅದಕ್ಕೂ ರೀಡು ಉಂಟು. ಹುಟ್ಟಿದ ದೇಶ ಬೇರೆ, ಮಾಡೋ ಕೆಲಸ ಹೆಚ್ಚುಕಡಿಮೆ ಒಂದೇ.

ಗೋಪಾಲನಾಥ್ ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹುಡುಗನ ಕೈಗೂ ಮೊದಲು ಬಂದದ್ದು ನಾಗಸ್ವರವೇ. ಆಮೇಲೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ನೋಡಿ ಮರುಳಾದರು. ಕಲಿತರೆ ಇದನ್ನೇ ಅಂತ ಹಟ ಹಿಡಿದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ನಂತರ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠ. ಟಿವಿಜಿ ಗಾಯಕರು, ಮೃದಂಗ ವಿದ್ವಾಂಸರು. ಅಂದರೆ ಕಲಿತದ್ದು ಸ್ಯಾಕ್ಸೋಫೋನು ಬಲ್ಲವರಿಂದಲ್ಲ, ಹಾಡು ಬಲ್ಲವರಿಂದ. ಮುಖ್ಯ ವಿಷಯ ಇರೋದೇ ಇಲ್ಲಿ.

ನಾಗಸ್ವರದಲ್ಲಿ ತೂತಿನ ಮೇಲೆ ನೇರವಾಗಿ ಬೆರಳು. ಅರ್ಧ ಮುಚ್ಚಬಹುದು, ಮೆಲ್ಲಗೆ ಸರಿಸಬಹುದು. ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿ, ಮುಚ್ಚಳ, ಸ್ಪ್ರಿಂಗು. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವೆ ಜಾರುದಾರಿ ಇಲ್ಲ, ಮೆಟ್ಟಿಲು ಮಾತ್ರ. ಗಮಕ ಇಲ್ಲದ ತೋಡಿ ರಾಗ ಕಲ್ಪಿಸಿಕೊಳ್ಳಿ ನೋಡೋಣ! ಉಪ್ಪು ಹುಳಿ ಖಾರ ಒಂದೂ ಇಲ್ಲದ ಕೊದ್ದೆಲ್ ಆದೀತು. ತುಟಿಯ ಒತ್ತಡ, ಉಸಿರಿನ ಹದ, ಕೀಲಿಯ ಮೇಲೆ ಬೆರಳಿನ ನಾಜೂಕು ಇವುಗಳಿಂದಲೇ ಆ ಮೆಟ್ಟಿಲುಗಳ ಮೇಲೆ ಜಾರುವುದನ್ನು ಅವರು ಸಾಧಿಸಿದರು. ವರ್ಷಗಟ್ಟಲೆ ದುಡಿಮೆ ಅದು.

ಈ ದುಡಿಮೆಗೆ ಹೊರಗಿನ ಲೋಕ ಕಿವಿಗೊಟ್ಟದ್ದು 1980ರ ಬಾಂಬೆ ಜಾಝ್ ಉತ್ಸವದಲ್ಲಿ. ಅಮೆರಿಕದ ಸ್ಯಾಕ್ಸೋಫೋನು ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ಇವರ ಜೊತೆ ತಾನೂ ನುಡಿಸಿದರು. ಈ ಹ್ಯಾಂಡಿ ಯಾರು ಗೊತ್ತೇ? ಜಾಝ್ ಪಂಡಿತರಾಗಿದ್ದೂ 1976ರಲ್ಲಿ 'ಹಾರ್ಡ್ ವರ್ಕ್' ಅನ್ನೋ ಫಂಕ್ ಶೈಲಿಯ ಹಾಡಿನಿಂದ ಅಮೆರಿಕದಲ್ಲಿ ಮನೆಮಾತಾದವರು. ಫಂಕ್ ಅಂದರೆ 1960ರ ದಶಕದಲ್ಲಿ ಅಲ್ಲಿನ ಕರಿಯರ ನಡುವೆ ಬೆಳೆದ, ತಾಳವೇ ಯಜಮಾನನಾದ ಸಂಗೀತ. ಜೇಮ್ಸ್ ಬ್ರೌನ್ ಅವರ ತಂಡದಲ್ಲಿ ಮೇಸಿಯೋ ಪಾರ್ಕರ್ ಸ್ಯಾಕ್ಸೋಫೋನು ಹಿಡಿದರೆ ಕೂತವರ ಕಾಲು ತಾನಾಗಿ ಕುಣಿಯುತ್ತಿತ್ತು. ಮಣಿಪಾಲದ ಹಾಸ್ಟೆಲುಗಳಲ್ಲಿ ಗಿಟಾರು ಹಿಡಿದ ಹುಡುಗರಿಗೆ ಈ ಹೆಸರುಗಳು ಗೊತ್ತಿರಬಹುದು. ಅಲ್ಲಿಂದ ಐದಾರು ಕಿಲೋಮೀಟರ್ ಇಳಿದರೆ ಉಡುಪಿ ರಥಬೀದಿ. ಅದೇ ವಾದ್ಯ, ಡೋಲಿನ ಏಟಿಗೆ ಸರಿಯಾಗಿ, ತೇರಿನ ಮುಂದೆ ಜನರನ್ನು ನಡೆಸುತ್ತೆ. ಕಾಲು ಕುಣಿಸೋ ಕೆಲಸ ಎರಡೂ ಕಡೆ ಒಂದೇ!

ಮುಂದಿನದ್ದು ಹಲವರಿಗೆ ಗೊತ್ತಿರುವ ಚರಿತ್ರೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ. ಅದೇ ವರ್ಷ ಬಾಲಚಂದರ್ ಅವರ ತಮಿಳು ಸಿನಿಮಾ 'ಡ್ಯುಯೆಟ್'. ಪರದೆ ಮೇಲೆ ವಾದ್ಯ ಹಿಡಿದದ್ದು ಪ್ರಭು, ಉಸಿರು ಕದ್ರಿಯವರದ್ದು. 2004ರಲ್ಲಿ ಪದ್ಮಶ್ರೀ. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ 'ಕಿನ್ಸ್‌ಮೆನ್' ಆಲ್ಬಂ. ರುದ್ರೇಶ್ ಕೊಲೊರಾಡೋದಲ್ಲಿ ಬೆಳೆದ ಭಾರತೀಯ ಮನೆತನದ ಹುಡುಗ. ಓದುವಾಗ ಅಣ್ಣ ತಮಾಷೆಗೆ ಅಂತ ಕದ್ರಿಯವರದ್ದೊಂದು ಆಲ್ಬಂ ಉಡುಗೊರೆ ಕೊಟ್ಟನಂತೆ. ತಮಾಷೆ ಹೋಗಿ ಗುರುಭಕ್ತಿ ಆಯ್ತು. ಕದ್ರಿಯವರ ಮಗ ಮಣಿಕಾಂತ್ ಸಿನಿಮಾ ಸಂಗೀತಕ್ಕೆ ಹೋದರು. 'ಸವಾರಿ' ಹಾಡುಗಳನ್ನು ಯಾರು ಮರೆತಾರು?

ಇರಲಿ. ಇದೆಲ್ಲ ಮೇಲಕ್ಕೆ ಹೋದ ದಾರಿ. ನನಗೆ ಕುತೂಹಲ ಇರೋದು ಕೆಳಕ್ಕೆ ಇಳಿದು ಬಂದ ದಾರಿಯ ಬಗ್ಗೆ.

ನಮ್ಮಲ್ಲಿ ದೇವಸ್ಥಾನದ ವಾದ್ಯ ಅಂದರೆ ತಲೆತಲಾಂತರದಿಂದ ಕೆಲವು ಮನೆತನಗಳ ಕಾಯಕ. ದೇವಾಡಿಗರು, ಶೇರಿಗಾರರು, ಜೋಗಿಗಳು. ದೇವರನ್ನು ಎಬ್ಬಿಸೋಕೆ ಇವರು ಬೇಕು, ಮಲಗಿಸೋಕೂ ಬೇಕು. ಆದರೆ ಊಟದ ಪಂಕ್ತಿಯಲ್ಲಿ ಕೊನೆಗೆ ಕೂರುವವರೂ ಇವರೇ. "ವಾಲಗದವರು" ಅನ್ನೋ ಮಾತಿನಲ್ಲಿ ಗೌರವಕ್ಕಿಂತ ಲೆಕ್ಕಾಚಾರವೇ ಜಾಸ್ತಿ. ಅಂಥ ಒಂದು ನಾಗಸ್ವರದ ಮನೆಯ ಹುಡುಗ ಸಭೆಯ ನಟ್ಟನಡುವೆ ಜರಿ ಶಾಲು ಹೊದ್ದು ಕೂತ, ಪಿಟೀಲು ಮೃದಂಗದವರು ಅವನಿಗೆ ಪಕ್ಕವಾದ್ಯ ನುಡಿಸಿದರು. ಇದನ್ನು ಕಂಡ ಇಲ್ಲಿನ ಹುಡುಗರಿಗೆ ಏನನ್ನಿಸಿರಬೇಡ? ಅಪ್ಪನ ಕಸುಬು ನಾಚಿಕೆಯದ್ದಲ್ಲ ಅಂತ ಅನ್ನಿಸಿರಲೇಬೇಕು. ಕರಾವಳಿಯ ಹಳ್ಳಿಹಳ್ಳಿಯಲ್ಲಿ ಇವತ್ತು ಸ್ಯಾಕ್ಸೋಫೋನು ಹಿಡಿದವರು ಸಿಗ್ತಾರೆ. ಹೆಣ್ಣುಮಕ್ಕಳೂ ಕಲಿತು ನುಡಿಸುತ್ತಾರೆ.

ಇನ್ನೊಂದು ಚೆಂದ ನೋಡಿ. ಕರಾವಳಿಯ ಕ್ರೈಸ್ತರ ಮದುವೆಗಳ ಬ್ರಾಸ್ ಬ್ಯಾಂಡಿನಲ್ಲೂ ಸ್ಯಾಕ್ಸೋಫೋನು ಉಂಟು. ಕಾರ್ಕಳದ ಅತ್ತೂರು ಜಾತ್ರೆಗೆ ಜಾತಿಮತ ನೋಡದೆ ಎಲ್ಲರೂ ಹೋಗುವ ಹಾಗೆ, ಈ ವಾದ್ಯವೂ ಎಲ್ಲರ ಅಂಗಳದಲ್ಲಿ ಓಡಾಡಿಕೊಂಡಿದೆ.

ನಷ್ಟವೇ ಆಗಿಲ್ಲವೇ ಅಂದರೆ, ಆಗಿದೆ. ನಾಗಸ್ವರ ನುಡಿಸುವವರು ಕಡಿಮೆಯಾಗಿದ್ದಾರೆ. ಅದರ ಸೀಳುವ, ತುಸು ಒರಟಾದ ಆ ನಾದ ಸ್ಯಾಕ್ಸೋಫೋನಿಗೆ ಬಾರದು. ಎಲ್ಲರಿಗೂ ಕದ್ರಿಯವರ ಗಮಕವೂ ಬಾರದು. ಎಷ್ಟೋ ಕಡೆ ಕೇಳೋದು ಮೆಟ್ಟಿಲುಗಳೇ, ಜಾರುದಾರಿ ಅಲ್ಲ. ಹಾಗಂತ "ಪರದೇಶಿ ವಾದ್ಯ, ಓಡಿಸಿ" ಅನ್ನೋರ ಮಾತು ನನಗೆ ಒಪ್ಪಿಗೆಯಿಲ್ಲ. ಪಿಟೀಲು ಎಲ್ಲಿಂದ ಬಂತು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ತಂದು ಇನ್ನೂರು ವರ್ಷದ ಮೇಲಾಯ್ತು. ಕಾಪುವಿನ ದೀಪಸ್ತಂಭವನ್ನೇ ನೋಡಿ. 1901ರಲ್ಲಿ ಬ್ರಿಟಿಷರ ಕಾಲದಲ್ಲಿ ಎದ್ದದ್ದು. ಇವತ್ತು ಅದಿಲ್ಲದ ಕಾಪು ಹೇಗಿರುತ್ತೆ ಹೇಳಿ! ನಮ್ಮದು ಅನ್ನೋದು ಹುಟ್ಟಿದ ಜಾಗದಿಂದಲ್ಲ, ಬಳಸಿದ ಕೈಗಳಿಂದ ಆಗುವಂಥದ್ದು.

ನಿಜವಾದ ಅಪಾಯ ಬೇರೆ ಕಡೆಯಿಂದ ಬರ್ತಾ ಇದೆ. ಗಟ್ಟಿಮೇಳವೇ ಪೆನ್‌ಡ್ರೈವಿನಲ್ಲಿ ಸಿಗುತ್ತೆ ಈಗ. ಸ್ಪೀಕರಿಗೆ ಊಟ ಹಾಕೋದು ಬೇಡ, ವೀಳ್ಯ ಕೊಡೋದು ಬೇಡ, ಹೋಗಿಬರೋ ಖರ್ಚೂ ಇಲ್ಲ. ವಾದ್ಯದವರು ಬಂದಿದ್ದರೂ ನಾವು ಮಾಡೋದೇನು? ಅವರ ಪಕ್ಕದಲ್ಲೇ ನಿಂತು, ಅವರಿಗಿಂತ ಗಟ್ಟಿಯಾಗಿ, ಮೊಬೈಲಿನಲ್ಲಿ ಮಾತಾಡ್ತೀವಿ. ಐದು ನಿಮಿಷದ ಆಲಾಪನೆಯನ್ನು ಫೋಟೋಗ್ರಾಫರು "ಸ್ವಲ್ಪ ನಿಲ್ಲಿಸಿ" ಅಂತ ಕತ್ತರಿಸ್ತಾರೆ.

ಲಂಡನ್ನಿನಲ್ಲಿ ಉಸಿರು ಬಿಗಿಹಿಡಿದು ಕೇಳಿದ ವಾದ್ಯ ಅದು ಸ್ವಾಮೀ. ಇಲ್ಲಿ ಎಲೆ ಹಾಕುವ ಗದ್ದಲದಲ್ಲಿ ಕರಗಿ ಹೋಗ್ತಾ ಇದೆ.

ಕದ್ರಿಯವರಿಗೆ ಸ್ಮಾರಕ, ಪ್ರಶಸ್ತಿ ಎಲ್ಲ ಆಗಲಿ, ಬೇಡ ಅನ್ನೋದಿಲ್ಲ. ನಾನು ಕೇಳೋದು ಚಿಕ್ಕದು. ಮುಂದಿನ ಮದುವೆಗೆ ಹೋದಾಗ ಮೂಲೆಯಲ್ಲಿ ಕೂತ ಆ ವಾದಕನ ಎದುರು ಹತ್ತು ನಿಮಿಷ ಕುರ್ಚಿ ಹಾಕಿಕೊಂಡು ಕೂತುಬಿಡಿ. ಯಾವ ರಾಗ ಅಂತ ಕೇಳಿ. ಗೊತ್ತಿದ್ದರೆ ಒಂದು ಕೀರ್ತನೆ ನುಡಿಸಿ ಅನ್ನಿ. ಕೇಳುವವರು ಒಬ್ಬರಿದ್ದಾರೆ ಅಂತ ಗೊತ್ತಾದರೆ ಆ ಉಸಿರೇ ಬದಲಾಗುತ್ತೆ. ನಾನು ಕಂಡಿದ್ದೇನೆ.

ನಿಮ್ಮೂರ ಮದುವೆಯಲ್ಲಿ ಗಟ್ಟಿಮೇಳಕ್ಕೆ ಯಾವ ವಾದ್ಯ? ನಾಗಸ್ವರವೋ, ಓಲಗವೋ, ಸ್ಯಾಕ್ಸೋಫೋನೋ? ಆ ವಾದಕರ ಹೆಸರು ನಿಮಗೆ ಗೊತ್ತೇ?